ಮನೆಯ ನೆಲಕ್ಕೆ ಅಂಚುಪಟ್ಟಿ ಸಹಿತ ಹೆರಿಂಗ್‌ಬೋನ್ ಮರದ ಹಾಸು: ಮರ ಕಡಿಯುವ ಅನುಮತಿಯಿಂದ ಅಂತಿಮ ಮೆರುಗಿನವರೆಗೆ

(ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ)

ಪೀಠಿಕೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಮರದ ಬಳಕೆ ಹೊಸದೇನಲ್ಲ. ಕಂಬ, ತೊಲೆ, ಬಾಗಿಲು, ಹಲಗೆಯ ಮುಚ್ಚಿಗೆ, ಉಪ್ಪರಿಗೆಯ ನೆಲ ಇವೆಲ್ಲವೂ ಮರದಿಂದಲೇ ನಿರ್ಮಾಣವಾಗುತ್ತಿದ್ದವು. ಕೆಳ ಅಂತಸ್ತಿನ ನೆಲ ಮಾತ್ರ ಸಗಣಿ ಸಾರಿಸಿದ್ದು, ಗಾರೆಯದು ಅಥವಾ ಕಾವಿಯದು ಆಗಿರುತ್ತಿತ್ತು. ಮಳೆಗಾಲದಲ್ಲಿ ನೆಲದಿಂದ ಏರುವ ತೇವವೇ ಇದಕ್ಕೆ ಕಾರಣ. ಇತ್ತೀಚೆಗೆ ಹೊಸ ಮನೆ ಕಟ್ಟುವವರು ಹಾಗೂ ಹಳೆಯ ಮನೆಯನ್ನು ನವೀಕರಿಸುವವರು ತಮ್ಮ ಜಮೀನಿನಲ್ಲಿ ಬೆಳೆದ ತೇಗ, ಹಲಸು, ಸಿಲ್ವರ್ ಓಕ್ ಮುಂತಾದ ಮರಗಳಿಂದ ಕೋಣೆಯ ನೆಲಕ್ಕೆ ಮರದ ಹಾಸು ಹಾಕಿಸಲು ಅಪೇಕ್ಷಿಸುತ್ತಿದ್ದಾರೆ. ಚಿಕ್ಕ ಪಟ್ಟಿಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸಿ, ಗೋಡೆಯುದ್ದಕ್ಕೂ ಅಂಚುಪಟ್ಟಿ ಕಟ್ಟುವ ಹೆರಿಂಗ್‌ಬೋನ್ ಮಾದರಿಯು ಇವುಗಳಲ್ಲಿ ಮುಖ್ಯವಾದುದು.

ಇಂತಹ ಹಾಸು ಕೆಡುವುದು ಸಾಮಾನ್ಯವಾಗಿ ಜೋಡಣೆಯ ದೋಷದಿಂದಲ್ಲ. ಮೊದಲ ಪಟ್ಟಿಯನ್ನು ಅಂಟಿಸುವ ಮುನ್ನವೇ ಎರಡು ಕಡೆ ತಪ್ಪು ಸಂಭವಿಸಿರುತ್ತದೆ. ಒಂದು, ದಾಖಲೆಯಿಲ್ಲದೆ ಮರ ಕಡಿದು ಅಥವಾ ಸಾಗಿಸಿ ನಾಟಾ ಜಪ್ತಿಗೆ ಒಳಗಾಗುವುದು. ಎರಡು, ಸರಿಯಾಗಿ ಒಣಗದ ಮರವನ್ನು ಬಳಸಿ, ಮೊದಲನೆಯ ಮಳೆಗಾಲದಲ್ಲಿ ನೆಲ ಉಬ್ಬುವುದು ಇಲ್ಲವೆ ಮೊದಲನೆಯ ಬೇಸಗೆಯಲ್ಲಿ ಬಿರಿಯುವುದು. ಎರಡಕ್ಕೂ ಅವಸರವೇ ಮೂಲ. ನಾಲ್ವತ್ತು ಐವತ್ತು ವರ್ಷ ಬೆಳೆದ ಮರವೊಂದು ಹೀಗೆ ವ್ಯರ್ಥವಾಗಬಾರದೆಂಬ ಉದ್ದೇಶದಿಂದ, ಅರ್ಜಿ ಸಲ್ಲಿಸುವ ದಿನದಿಂದ ಮೆರುಗು ಹಚ್ಚುವ ದಿನದವರೆಗಿನ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಯಾವ ಮರಕ್ಕೆ ಅನುಮತಿ ಬೇಕು?

ಖಾಸಗಿ ಜಮೀನಿನಲ್ಲಿರುವ ಮರಗಳನ್ನು ಕಡಿಯುವುದಕ್ಕೆ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ಅನ್ವಯಿಸುತ್ತದೆ. ಸದರಿ ಅಧಿನಿಯಮದ 8ನೇ ಪ್ರಕರಣದಂತೆ, ವೃಕ್ಷ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಸಿಲ್ವರ್ ಓಕ್, ಗಾಳಿ, ನೀಲಗಿರಿ, ರಬ್ಬರ್, ತೆಂಗು, ಅಡಿಕೆ ಮುಂತಾದ ಕೆಲವು ಜಾತಿಗಳಿಗೆ ಇದರಿಂದ ವಿನಾಯಿತಿ ಇದೆ. ವಿನಾಯಿತಿ ಪಟ್ಟಿಯನ್ನು ಕಾಲಕಾಲಕ್ಕೆ ತಿದ್ದುಪಡಿ ಮಾಡಲಾಗಿರುವುದರಿಂದ, ಮರ ಕಡಿಯುವ ಮೊದಲು ತಮ್ಮ ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ಪ್ರಸ್ತುತ ಪಟ್ಟಿಯನ್ನು ಪರಿಶೀಲಿಸತಕ್ಕದ್ದು. ಕಡಿಯಲು ವಿನಾಯಿತಿ ಇದೆ ಎಂದ ಮಾತ್ರಕ್ಕೆ ಸಾಗಣೆಗೂ ವಿನಾಯಿತಿ ಇದೆ ಎಂದು ಭಾವಿಸಬಾರದು. ಇವೆರಡೂ ಪ್ರತ್ಯೇಕ ವಿಷಯಗಳು.

ಅರ್ಜಿದಾರರು ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ ಮರದ ಒಡೆತನ. ಜಮೀನು ತಮ್ಮ ಸ್ವಾಧೀನದಲ್ಲಿದೆ ಎಂದಾಕ್ಷಣ ಅದರಲ್ಲಿನ ಮರವೂ ತಮ್ಮದಾಗುವುದಿಲ್ಲ.

ಅ) ಹಿಡುವಳಿ ಜಮೀನು: ತಮ್ಮ ಹೆಸರಿನ ಪಹಣಿ ಇದ್ದು, ಮರದ ಹಕ್ಕೂ ತಮ್ಮದಾಗಿದ್ದಲ್ಲಿ ಅರ್ಜಿ ಸಲ್ಲಿಸಬಹುದು. ಜಂಟಿ ಖಾತೆ ಇದ್ದಲ್ಲಿ ಎಲ್ಲಾ ಖಾತೆದಾರರ ಒಪ್ಪಿಗೆ ಅಗತ್ಯ.

ಆ) ಮಂಜೂರಾದ ಜಮೀನು: ಸರ್ಕಾರದಿಂದ ಮಂಜೂರಾದ ಜಮೀನಿನಲ್ಲಿ ತೇಗ, ಬೀಟೆ ಮುಂತಾದ ಕಾಯ್ದಿರಿಸಿದ ಮರಗಳ ಹಕ್ಕು ಸರ್ಕಾರದಲ್ಲಿಯೇ ಉಳಿದಿರುವ ಸಂದರ್ಭಗಳಿವೆ. ಮಂಜೂರಾತಿ ಆದೇಶದ ಷರತ್ತುಗಳನ್ನು ಮೊದಲು ಓದಿಕೊಳ್ಳುವುದು.

ಇ) ಸೊಪ್ಪಿನಬೆಟ್ಟ, ಕಾನು ಮುಂತಾದ ಸವಲತ್ತು ಜಮೀನುಗಳು: ಸೊಪ್ಪಿನಬೆಟ್ಟದಲ್ಲಿ ಅಡಿಕೆ ತೋಟದವರಿಗೆ ಇರುವುದು ಗೊಬ್ಬರಕ್ಕಾಗಿ ಸೊಪ್ಪು, ದರಗು ತರುವ ಸವಲತ್ತು ಮಾತ್ರ. ಅಲ್ಲಿನ ಮರವನ್ನು ಮನೆಯ ನೆಲಕ್ಕಾಗಿ ಕಡಿಯಲು ಈ ಸವಲತ್ತು ಹಕ್ಕು ನೀಡುವುದಿಲ್ಲ.

ಈ) ಅರಣ್ಯದ ಗಡಿಗೆ ಹೊಂದಿಕೊಂಡ ಜಮೀನು: ಮರವು ಗಡಿಯ ಒಳಗಿದೆಯೇ ಹೊರಗಿದೆಯೇ ಎಂಬುದು ಅಳತೆಯಿಂದಲೇ ತೀರ್ಮಾನವಾಗಬೇಕು. ಇಂತಹ ಪ್ರಕರಣಗಳಲ್ಲಿ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಅಳತೆ ಬೇಕಾಗಬಹುದು. ಇದಕ್ಕೆ ಹಿಡಿಯುವ ಕಾಲವನ್ನು ಮನೆಯ ಕೆಲಸದ ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಅಥವಾ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಗ್ರಾಮಗಳವರು, ತಮ್ಮ ಅರ್ಜಿ ಯಾವ ಕಛೇರಿಗೆ ಸಲ್ಲಬೇಕೆಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು.

2. ಅರ್ಜಿ ಸಲ್ಲಿಸುವ ವಿಧಾನ

ಅರ್ಜಿಯೊಂದಿಗೆ ಸಾಮಾನ್ಯವಾಗಿ ಲಗತ್ತಿಸಬೇಕಾದ ದಾಖಲೆಗಳು:

- ಪ್ರಸ್ತುತ ಸಾಲಿನ ಪಹಣಿ ಮತ್ತು ಹಕ್ಕು ಬದಲಾವಣೆಯ ಪ್ರತಿ
- ಮರ ಇರುವ ಸ್ಥಳವನ್ನು ಗುರುತಿಸಿದ ಸರ್ವೆ ನಕ್ಷೆ
- ಮಂಜೂರಾದ ಜಮೀನಾದಲ್ಲಿ ಮಂಜೂರಾತಿ ಆದೇಶದ ಪ್ರತಿ
- ಜಂಟಿ ಖಾತೆದಾರರ ಒಪ್ಪಿಗೆ ಪತ್ರ
- ಅರ್ಜಿದಾರರ ಗುರುತಿನ ದಾಖಲೆ
- ಮರದ ಜಾತಿ, ಸಂಖ್ಯೆ, ಎದೆಮಟ್ಟದ ಸುತ್ತಳತೆ ಹಾಗೂ ಬಳಕೆಯ ಉದ್ದೇಶದ ವಿವರ

ಬಳಕೆಯ ಉದ್ದೇಶವನ್ನು ಸ್ಪಷ್ಟವಾಗಿ ಬರೆಯಬೇಕು. ಒಣಗಿದ, ರೋಗಪೀಡಿತ ಅಥವಾ ಗಾಳಿಗೆ ಬಿದ್ದ ಮರ, ಬಲಿತ ಮರ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಒಡ್ಡಿರುವ ಮರ, ಗ್ರಾಮಾಂತರ ಪ್ರದೇಶದಲ್ಲಿ ನೈಜ ಗೃಹಬಳಕೆಗೆ ಬೇಕಾದ ಮರ ಇವುಗಳನ್ನು ಅಧಿನಿಯಮವು ಪರಿಗಣನೆಗೆ ತಕ್ಕ ಕಾರಣಗಳೆಂದು ಹೆಸರಿಸಿದೆ. "ಮನೆಯ ಕೋಣೆಯ ನೆಲಹಾಸಿಗಾಗಿ, ಇಷ್ಟು ಘನ ಮೀಟರ್" ಎಂದು ಲೆಕ್ಕದೊಂದಿಗೆ ಬರೆದ ಅರ್ಜಿಯನ್ನು ಸ್ಥಳ ಪರಿಶೀಲನೆಯ ಸಮಯದಲ್ಲಿ ತಾಳೆ ನೋಡುವುದು ಸುಲಭವಾಗುತ್ತದೆ. ಲೆಕ್ಕ ಹಾಕುವ ಕ್ರಮವನ್ನು 4ನೇ ಭಾಗದಲ್ಲಿ ನೀಡಲಾಗಿದೆ.

ಅರ್ಜಿ ಸ್ವೀಕೃತಿಯನ್ನು ತಪ್ಪದೆ ಪಡೆದುಕೊಳ್ಳುವುದು. ಸ್ಥಳ ತನಿಖೆಯ ನಂತರ ಅನುಮತಿ ನೀಡಿ ಅಥವಾ ಕಾರಣ ಸಹಿತ ನಿರಾಕರಿಸಿ ಆದೇಶ ಹೊರಡಿಸಲಾಗುವುದು. ಆದೇಶದಿಂದ ಬಾಧಿತರಾದವರು ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಅನುಮತಿ ಪಡೆದವರು ಕಡಿದ ಮರಕ್ಕೆ ಬದಲಾಗಿ, ಆದೇಶದಲ್ಲಿ ತಿಳಿಸಿದ ಅವಧಿಯೊಳಗೆ ಸಸಿ ನೆಡಲು ಬದ್ಧರಾಗಿರುತ್ತಾರೆ. ನೆಟ್ಟ ಸಸಿ ಉಳಿಯುವಂತೆ ಬೇಲಿ ಹಾಗೂ ನೀರಿನ ವ್ಯವಸ್ಥೆ ಮಾಡುವುದೂ ಅರ್ಜಿದಾರರ ಹೊಣೆ.

3. ಸಾಗಣೆ ಮತ್ತು ಕೊಯ್ಯಿಸುವಿಕೆ

ಕಡಿದ ದಿಮ್ಮಿಯನ್ನು ಜಮೀನಿನಿಂದ ಹೊರಗೆ ಸಾಗಿಸುವುದಕ್ಕೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಹಾಗೂ ಕರ್ನಾಟಕ ಅರಣ್ಯ ನಿಯಮಗಳು, 1969ರಂತೆ ರಹದಾರಿ ಪತ್ರ ಅಗತ್ಯ. ದಿಮ್ಮಿಗಳ ಅಳತೆ ಪಟ್ಟಿ ತಯಾರಾಗಿ, ಇಲಾಖೆಯ ಸುತ್ತಿಗೆ ಗುರುತು ಬಿದ್ದ ಮೇಲೆಯೇ ವಾಹನಕ್ಕೆ ಏರಿಸತಕ್ಕದ್ದು. ರಹದಾರಿಯಲ್ಲಿ ನಮೂದಿಸಿದ ದಿನಾಂಕ, ಸಮಯ ಮತ್ತು ಮಾರ್ಗವನ್ನು ಮೀರುವಂತಿಲ್ಲ. ದಾಖಲೆಯಿಲ್ಲದ ನಾಟಾ ಮಾತ್ರವಲ್ಲದೆ, ಅದನ್ನು ಸಾಗಿಸುವ ವಾಹನವೂ ಜಪ್ತಿಗೆ ಒಳಗಾಗುತ್ತದೆ. ಬಾಡಿಗೆ ವಾಹನದ ಮಾಲೀಕರಿಗೂ ಇದರಿಂದ ನಷ್ಟವಾಗುವುದನ್ನು ನೆನಪಿನಲ್ಲಿಡುವುದು.

ದಿಮ್ಮಿಯನ್ನು ಪರವಾನಗಿ ಪಡೆದ ಸಾ ಮಿಲ್ಲಿನಲ್ಲಿಯೇ ಕೊಯ್ಯಿಸಬೇಕು. ಕೊಯ್ದ ಹಲಗೆಗಳನ್ನು ಮರಳಿ ಮನೆಗೆ ತರುವಾಗಲೂ ದಾಖಲೆ ಜೊತೆಯಲ್ಲಿರಬೇಕು. ಅನುಮತಿ ಆದೇಶ, ಅಳತೆ ಪಟ್ಟಿ, ರಹದಾರಿ ಮತ್ತು ಮಿಲ್ಲಿನ ರಸೀದಿ ಈ ನಾಲ್ಕನ್ನು ಮನೆಯ ಪತ್ರಗಳೊಂದಿಗೆ ಶಾಶ್ವತವಾಗಿ ಇರಿಸಿಕೊಳ್ಳುವುದು ಉತ್ತಮ.

4. ಎಷ್ಟು ಮರ ಬೇಕು?

ಉದಾಹರಣೆಗೆ 4.5 ಮೀಟರ್ ಉದ್ದ, 3.6 ಮೀಟರ್ ಅಗಲದ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ಪಟ್ಟಿಯ ಅಳತೆ 350 ಮಿ.ಮೀ. ಉದ್ದ, 70 ಮಿ.ಮೀ. ಅಗಲ, 20 ಮಿ.ಮೀ. ದಪ್ಪ ಎಂದಿರಲಿ. ಉದ್ದವು ಅಗಲದ ಸರಿಯಾದ ಗುಣಕವಾಗಿರುವುದು (ಇಲ್ಲಿ 5 ಪಟ್ಟು) ಜೋಡಣೆಗೆ ಅನುಕೂಲ. ಗೋಡೆಯ ಸುತ್ತ 12 ಮಿ.ಮೀ. ಖಾಲಿ ಜಾಗ, ಅದರ ಒಳಗೆ 210 ಮಿ.ಮೀ. ಅಗಲದ ಅಂಚುಪಟ್ಟಿ, ಅಂದರೆ 70 ಮಿ.ಮೀ.ನ ಮೂರು ಸಾಲು ಬರುತ್ತದೆ.

- ನಡುವಣ ಹೆರಿಂಗ್‌ಬೋನ್ ಭಾಗ: 4.056 × 3.156 ಮೀ. = ಸುಮಾರು 12.8 ಚದರ ಮೀಟರ್
- ಅಂಚುಪಟ್ಟಿಯ ಭಾಗ: ಸುಮಾರು 3.2 ಚದರ ಮೀಟರ್
- ನಡುವಣ ಭಾಗಕ್ಕೆ ಪಟ್ಟಿಗಳ ಸಂಖ್ಯೆ: 12.8 ÷ 0.0245 = ಸುಮಾರು 523
- ಓರೆ ಕತ್ತರಿಕೆಯಲ್ಲಿ ಹೋಗುವ ಶೇ. 12ರಷ್ಟನ್ನು ಸೇರಿಸಿದರೆ: ಸುಮಾರು 585
- ಸಿದ್ಧ ಪಟ್ಟಿಗಳ ಒಟ್ಟು ಗಾತ್ರ, ಶೇ. 10ರಷ್ಟು ಹೆಚ್ಚುವರಿಯೊಂದಿಗೆ: ಸುಮಾರು 0.35 ಘನ ಮೀಟರ್

ದಿಮ್ಮಿಯಿಂದ ಸಿದ್ಧ ಪಟ್ಟಿಯಾಗುವಷ್ಟರಲ್ಲಿ ಹೊರಸೀಳು, ಗರಗಸದ ಪುಡಿ, ಬಿಳಿ ಭಾಗ, ಗಂಟು, ಬಿರುಕು ಹಾಗೂ ಕೀಸುವಿಕೆಯಲ್ಲಿ ಬಹುಪಾಲು ಕಳೆಯುತ್ತದೆ. ಸ್ಥೂಲವಾಗಿ ಶೇ. 40ರಷ್ಟು ಉಳಿಯುವುದೆಂದು ಎಣಿಸಿದರೆ 0.88 ಘನ ಮೀಟರ್, ಅಂದರೆ ಸುಮಾರು 31 ಘನ ಅಡಿ ದಿಮ್ಮಿ ಬೇಕಾಗುತ್ತದೆ. ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ರೂಢಿಯ ಲೆಕ್ಕದಂತೆ, ನಡುವಿನ ಸುತ್ತಳತೆ 1.5 ಮೀಟರ್, ಉದ್ದ 4 ಮೀಟರ್ ಇರುವ ಒಂದು ದಿಮ್ಮಿ 0.56 ಘನ ಮೀಟರ್ ಆಗುತ್ತದೆ. ಅಂತಹ ಎರಡು ದಿಮ್ಮಿಗಳು ಈ ಕೋಣೆಗೆ ಸಾಕು. ಅಗತ್ಯಕ್ಕಿಂತ ಹೆಚ್ಚು ಮರಗಳಿಗೆ ಅರ್ಜಿ ಹಾಕುವ ಅವಶ್ಯಕತೆ ಇಲ್ಲವೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಪಟ್ಟಿಗಳು ಚಿಕ್ಕವಾಗಿರುವುದೇ ಹೆರಿಂಗ್‌ಬೋನ್ ಮಾದರಿಯ ಒಂದು ಪ್ರಯೋಜನ. ಬಾಗಿಲು, ಕಿಟಕಿ ಮಾಡಿಸಿ ಉಳಿದ ಒಂದೂವರೆ ಅಡಿಯ ತುಂಡುಗಳೂ ಉಪಯೋಗಕ್ಕೆ ಬರುತ್ತವೆ. ತೇಗ ಹಾಗೂ ಹಲಸಿನ ಚೇಗು ನೆಲಕ್ಕೆ ಯೋಗ್ಯ. ಹಲಸು ಹೊಸದರಲ್ಲಿ ಹಳದಿಯಾಗಿದ್ದು, ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಸಿಲ್ವರ್ ಓಕ್ ಮೃದುವಾದ್ದರಿಂದ ಓಡಾಟ ಕಡಿಮೆ ಇರುವ ಕೋಣೆಗೆ ಸೂಕ್ತ. ಅಂಚುಪಟ್ಟಿಗೆ ಬೇರೆ ಬಣ್ಣ ಬೇಕೆಂದು ಬೀಟೆಯನ್ನು ಬಯಸುವವರು, ಬಿಲ್ಲು ಹಾಗೂ ಮೂಲದ ದಾಖಲೆ ಇರುವ ಮರವನ್ನೇ ಕೊಳ್ಳತಕ್ಕದ್ದು. ಹಳೆಯ ಮನೆಯ ಮುರಿದ ಬಾಗಿಲು, ತೊಲೆಗಳಿಂದಲೂ ಅಂಚುಪಟ್ಟಿಗೆ ಬೇಕಾದಷ್ಟು ಗಾಢ ಬಣ್ಣದ ಮರ ಸಿಗುವುದುಂಟು.

5. ಒಣಗಿಸುವಿಕೆ: ಅವಸರ ಸಲ್ಲದ ಹಂತ

ಮರವು ಕಡಿದ ನಂತರವೂ ಸುತ್ತಲಿನ ಗಾಳಿಯೊಂದಿಗೆ ತೇವವನ್ನು ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತದೆ. ಗಾಳಿಯ ಆರ್ದ್ರತೆ ಶೇ. 90ರಷ್ಟು ಇದ್ದಾಗ ಮರದ ತೇವಾಂಶ ಕ್ರಮೇಣ ಶೇ. 20ರ ಸಮೀಪಕ್ಕೆ ಏರುತ್ತದೆ. ಆರ್ದ್ರತೆ ಶೇ. 50ಕ್ಕೆ ಇಳಿದರೆ ಅದೇ ಮರದ ತೇವಾಂಶ ಶೇ. 9ರ ಸಮೀಪಕ್ಕೆ ಇಳಿಯುತ್ತದೆ. ಶೃಂಗೇರಿ, ಕೊಪ್ಪ ಭಾಗದ ಮಳೆಗಾಲ ಹಾಗೂ ಮಾರ್ಚ್ ತಿಂಗಳ ಒಣಹವೆಯ ನಡುವಿನ ಅಂತರ ಹೆಚ್ಚುಕಡಿಮೆ ಇಷ್ಟೇ ದೊಡ್ಡದು. ನರಸಿಂಹರಾಜಪುರದ ಕಡೆ ಮಳೆ ಕಡಿಮೆಯಾದರೂ ಈ ನಿಯಮ ಬದಲಾಗದು.

ತೇಗವು ಹಿಗ್ಗುಕುಗ್ಗು ಕಡಿಮೆ ಇರುವ ಮರವೆಂದು ಹೆಸರಾದುದು. ಆದರೂ ವಾರ್ಷಿಕ ಉಂಗುರದ ದಿಕ್ಕಿನಲ್ಲಿ ಸೀಳಿದ 70 ಮಿ.ಮೀ. ಅಗಲದ ತೇಗದ ಪಟ್ಟಿಯು ಶೇ. 18ರ ತೇವಾಂಶದಿಂದ ಶೇ. 10ಕ್ಕೆ ಒಣಗುವಾಗ ಸುಮಾರು 1 ಮಿ.ಮೀ. ಕುಗ್ಗುತ್ತದೆ. ಒಂದರ ಪಕ್ಕ ಒಂದರಂತೆ ಇಟ್ಟ 45 ಪಟ್ಟಿಗಳಲ್ಲಿ ಇದು ಸುಮಾರು 45 ಮಿ.ಮೀ. ಆಗುತ್ತದೆ. ಜುಲೈ ತಿಂಗಳಲ್ಲಿ ಹಾಸಿದ ನೆಲ ಮಾರ್ಚ್‌ನಲ್ಲಿ ಬಿರಿಯುವುದಕ್ಕೂ, ಮಾರ್ಚ್‌ನಲ್ಲಿ ಸಂದಿಲ್ಲದಂತೆ ಬಿಗಿದ ನೆಲ ಜುಲೈನಲ್ಲಿ ಡೇರೆಯಂತೆ ಏಳುವುದಕ್ಕೂ ಇದೇ ಕಾರಣ. ದಿಮ್ಮಿಯ ನಡುವಿನಿಂದ ಹೊರಮುಖವಾಗಿ ಸೀಳಿದ ಹಲಗೆಯಲ್ಲಿ ಈ ಹಿಗ್ಗುಕುಗ್ಗು ಅರ್ಧಕ್ಕಿಂತ ಕಡಿಮೆ ಇರುತ್ತದೆ. ಮಿಲ್ಲಿನಲ್ಲಿ ಕೊಯ್ಯಿಸುವಾಗ ಈ ರೀತಿ ಸೀಳಲು ಕೋರಬಹುದು. ಹೆರಿಂಗ್‌ಬೋನ್ ಮಾದರಿಯಲ್ಲಿ ಪಟ್ಟಿಗಳು ಎರಡು ದಿಕ್ಕಿಗೆ ಓರೆಯಾಗಿರುವುದರಿಂದ ಹಿಗ್ಗುವಿಕೆ ಒಂದೇ ಗೋಡೆಯ ಕಡೆ ಒತ್ತದೆ ನಾಲ್ಕೂ ಕಡೆ ಹಂಚಿಹೋಗುತ್ತದೆ. ಹಾಗೆಂದು ಅದು ಇಲ್ಲವಾಗುವುದಿಲ್ಲ.

ಒಣಗಿಸುವ ಕ್ರಮ:

ಅ) ಹಲಗೆಗಳನ್ನು 25 ಮಿ.ಮೀ. ದಪ್ಪಕ್ಕೆ ಕೊಯ್ಯಿಸಿ, ಎರಡೂ ತುದಿಗಳಿಗೆ ಬಣ್ಣ ಅಥವಾ ಮೇಣ ಬಳಿಯುವುದು. ಇದರಿಂದ ತುದಿ ಬಿರಿಯುವುದು ಕಡಿಮೆಯಾಗುತ್ತದೆ.

ಆ) ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಗಾಳಿಯಾಡುವ ಮಾಡಿನ ಕೆಳಗೆ ಅಟ್ಟಿ ಹಾಕುವುದು. ಪ್ರತಿ ಪದರದ ನಡುವೆ 20ರಿಂದ 25 ಮಿ.ಮೀ. ದಪ್ಪದ ರೀಪುಗಳನ್ನು 45ರಿಂದ 60 ಸೆಂ.ಮೀ. ಅಂತರದಲ್ಲಿ, ಒಂದರ ಮೇಲೊಂದು ನೇರವಾಗಿ ಬರುವಂತೆ ಇಡುವುದು. ಅಂಗಳದ ಬಿಸಿಲಿನಲ್ಲಿ ನೇರವಾಗಿ ಒಣಗಿಸಿದರೆ ಹಲಗೆ ಸೊಟ್ಟಾಗುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಅಂಗಳ ಖಾಲಿ ಇರುವುದಿಲ್ಲವಾದ್ದರಿಂದ ಕೊಟ್ಟಿಗೆಯ ಪಕ್ಕದ ಮಾಡು ಅಥವಾ ಷೆಡ್ಡನ್ನು ಮೊದಲೇ ನಿಗದಿ ಮಾಡಿಕೊಳ್ಳುವುದು.

ಇ) ದಿಮ್ಮಿಯನ್ನು ಕೆಲವು ತಿಂಗಳು ಕೆರೆಯ ನೀರಿನಲ್ಲಿ ಮುಳುಗಿಸಿಡುವ ಹಳೆಯ ಪದ್ಧತಿಯಿಂದ, ಕೊರೆಹುಳುವನ್ನು ಆಕರ್ಷಿಸುವ ಸತ್ವವು ಕರಗಿ ಹೋಗುತ್ತದೆ. ಆದರೆ ಇದು ಒಣಗಿಸುವಿಕೆಗೆ ಬದಲಲ್ಲ. ನೀರಿನಿಂದ ತೆಗೆದ ಮೇಲೆ ಪೂರ್ಣ ಅವಧಿ ಒಣಗಿಸಲೇಬೇಕು.

ಈ) ಹಸಿ ಹಲಗೆಗಳನ್ನು ಬೋರಾಕ್ಸ್ ಹಾಗೂ ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದುವುದರಿಂದ ಹುಳು ಹಾಗೂ ಗೆದ್ದಲಿನಿಂದ ರಕ್ಷಣೆ ದೊರೆಯುತ್ತದೆ. ನಾಟಾ ಸಂರಕ್ಷಣೆಯ ವಿಧಾನಗಳನ್ನು ಭಾರತೀಯ ಮಾನಕ ಐಎಸ್ 401ರಲ್ಲಿ, ಒಣಗಿಸುವ ವಿಧಾನಗಳನ್ನು ಐಎಸ್ 1141ರಲ್ಲಿ ನೀಡಲಾಗಿದೆ.

ಉ) ಹಾಸುವ ಸಮಯಕ್ಕೆ ಮರದ ತೇವಾಂಶ ಶೇ. 12ರ ಆಸುಪಾಸಿನಲ್ಲಿರಬೇಕು. ತೇವಾಂಶ ಮಾಪಕ ಇಲ್ಲದವರು ಸರಳ ಪರೀಕ್ಷೆ ಮಾಡಬಹುದು. ಹಲಗೆಯ ನಡುಭಾಗದಿಂದ ಚಿಕ್ಕ ತುಂಡು ಕತ್ತರಿಸಿ ತೂಗುವುದು; ಅದನ್ನು ಸುಮಾರು 103 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್ನಿನಲ್ಲಿ, ತೂಕ ಮತ್ತೆ ಇಳಿಯದವರೆಗೆ ಒಣಗಿಸಿ ಪುನಃ ತೂಗುವುದು. ಮೊದಲ ತೂಕ 112 ಗ್ರಾಂ, ಕೊನೆಯ ತೂಕ 100 ಗ್ರಾಂ ಆದಲ್ಲಿ ತೇವಾಂಶ ಶೇ. 12 ಎಂದರ್ಥ. ಅದೇ 120 ಗ್ರಾಂ ಇದ್ದು 100ಕ್ಕೆ ಇಳಿದರೆ ಶೇ. 20 ಇದೆ, ಅಂತಹ ಮರವನ್ನು ಹಾಸಬಾರದು.

ಮರದ ಗುಣಲಕ್ಷಣ, ಒಣಗಿಸುವಿಕೆ ಹಾಗೂ ಸಂರಕ್ಷಣೆಯ ಕುರಿತು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಯುತ್ತಿದೆ. 1938ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ 1988ರಲ್ಲಿ ಈ ಸಂಸ್ಥೆಯಾಯಿತು.

6. ವರ್ಷದ ವೇಳಾಪಟ್ಟಿ

- ಅಕ್ಟೋಬರ್–ನವೆಂಬರ್: ದಾಖಲೆ ಸಂಗ್ರಹ, ಅರ್ಜಿ ಸಲ್ಲಿಕೆ, ಸ್ಥಳ ಪರಿಶೀಲನೆ
- ಡಿಸೆಂಬರ್–ಜನವರಿ: ಅನುಮತಿ ಆದೇಶದ ನಂತರ ಕಡಿಯುವುದು, ಅಳತೆ, ರಹದಾರಿ, ಕೊಯ್ಯಿಸುವುದು
- ಫೆಬ್ರವರಿ–ಮೇ: ಅಟ್ಟಿಯಲ್ಲಿ ಒಣಗಿಸುವುದು
- ಜೂನ್: ಬದಲಿ ಸಸಿ ನೆಡಲು ಪ್ರಶಸ್ತ ಕಾಲ (ಆದೇಶದಲ್ಲಿ ಬೇರೆ ಅವಧಿ ಇದ್ದಲ್ಲಿ ಅದರಂತೆ)
- ಜೂನ್–ಸೆಪ್ಟೆಂಬರ್: ಹಲಗೆಗಳನ್ನು ಎರಚಲು ತಾಗದಂತೆ ರಕ್ಷಿಸುವುದು; ಹಾಸುವ ಕೆಲಸ ಮಾಡಬಾರದು
- ಅಕ್ಟೋಬರ್–ನವೆಂಬರ್: ತೇವಾಂಶ ಪರೀಕ್ಷೆ, ಪಟ್ಟಿ ತಯಾರಿಕೆ
- ಡಿಸೆಂಬರ್: ಪಟ್ಟಿಗಳನ್ನು ಎರಡು ವಾರ ಅದೇ ಕೋಣೆಯಲ್ಲಿಟ್ಟು, ನಂತರ ಹಾಸುವುದು

ಡಿಸೆಂಬರ್ ಹೊತ್ತಿಗೂ ತೇವಾಂಶ ಇಳಿಯದಿದ್ದಲ್ಲಿ ಇನ್ನೊಂದು ತಿಂಗಳು ಕಾಯುವುದೇ ಲೇಸು. ಗೃಹಪ್ರವೇಶದ ಮುಹೂರ್ತಕ್ಕೆ ನೆಲ ಮುಗಿಯಲೇಬೇಕೆಂಬ ಒತ್ತಾಯವಿದ್ದರೆ, ಆ ಕೋಣೆಯ ಹಾಸನ್ನು ಮುಹೂರ್ತದ ನಂತರಕ್ಕೆ ಇಟ್ಟುಕೊಳ್ಳಬಹುದು.

7. ತಳಪಾಯದ ಸಿದ್ಧತೆ

ಅ) ಹೊಸ ಕಾಂಕ್ರೀಟು ಪೂರ್ಣವಾಗಿ ಒಣಗಿರಬೇಕು. ಪ್ರತಿ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂದು ಎಣಿಸಬಹುದು. ಮಳೆಗಾಲದ ತಿಂಗಳುಗಳನ್ನು ಈ ಲೆಕ್ಕಕ್ಕೆ ಹಿಡಿಯಬಾರದು.

ಆ) ಒಂದು ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಎರಡು ದಿನ ಬಿಡುವುದು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ನೆಲದ ಬಣ್ಣ ಕಪ್ಪಾಗಿದ್ದರೆ ತೇವ ಇದೆ ಎಂದು ತಿಳಿಯುವುದು.

ಇ) ಕೆಳ ಅಂತಸ್ತಿನಲ್ಲಿ ತೇವ ತಡೆಯುವ ಪದರ ಕಡ್ಡಾಯ. ಎಪಾಕ್ಸಿ ಲೇಪನ ಅಥವಾ ಬಿಟುಮೆನ್ ಪದರವನ್ನು ಗೋಡೆಯವರೆಗೂ ಬಿಡುವಿಲ್ಲದಂತೆ ಹಾಕುವುದು. ಗುಡ್ಡಕ್ಕೆ ಒತ್ತಿಕೊಂಡ, ಹಿಂಬದಿಯಿಂದ ಒಸರು ಬರುವ ಕೋಣೆಗಳಲ್ಲಿ ಮೊದಲು ಹೊರಗಿನ ಚರಂಡಿಯನ್ನು ಸರಿಪಡಿಸಬೇಕು. ಅದಿಲ್ಲದೆ ಯಾವ ಪದರವೂ ಬಹುಕಾಲ ತಡೆಯದು.

ಈ) ಎರಡು ಮೀಟರ್ ಮಟ್ಟಗೋಲನ್ನು ನೆಲದ ಮೇಲಿಟ್ಟಾಗ ಎಲ್ಲಿಯೂ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು.

ಉ) ತೇವತಡೆಯ ಮೇಲೆ ಐಎಸ್ 710 ಗುರುತಿನ 12 ಮಿ.ಮೀ. ಪ್ಲೈವುಡ್ ಹಾಕಿ ಅದರ ಮೇಲೆ ಪಟ್ಟಿ ಜೋಡಿಸಬಹುದು, ಅಥವಾ ಒಣಗಿದ ಕಾಂಕ್ರೀಟಿಗೆ ನೇರವಾಗಿ ಮರದ ನೆಲಕ್ಕೆಂದೇ ಇರುವ ಅಂಟಿನಿಂದ ಅಂಟಿಸಬಹುದು. ಪ್ಲೈವುಡ್ ಹಾಳೆಗಳ ನಡುವೆ 3 ಮಿ.ಮೀ. ಅಂತರ ಬಿಡುವುದು, ಸ್ಕ್ರೂ ಹಾಕಿದಲ್ಲಿ ತೇವತಡೆಯ ಪದರ ತೂತಾಗುವುದರಿಂದ ಅಲ್ಲಿಗೆ ಸೀಲಂಟ್ ತುಂಬುವುದು. ಗಟ್ಟಿಮರದ ಪಾರ್ಕೆ ಹಾಗೂ ಮರದ ತುಂಡಿನ ನೆಲಗಳನ್ನು ಹಾಸುವ ಕುರಿತು ಐಎಸ್ 5389 ಎಂಬ ಪ್ರತ್ಯೇಕ ಭಾರತೀಯ ಮಾನಕವನ್ನು 1969ರಲ್ಲಿಯೇ ಪ್ರಕಟಿಸಲಾಗಿದೆ.

8. ಹಾಸುವ ವಿಧಾನ

ಹಂತ 1: ಎದುರುಬದುರು ಗೋಡೆಗಳ ಮಧ್ಯಬಿಂದುಗಳನ್ನು ಸೇರಿಸಿ ಸುಣ್ಣದ ದಾರದಿಂದ ಎರಡು ಗೆರೆ ಹೊಡೆಯುವುದು. ಅವು ಸಮಕೋನದಲ್ಲಿವೆಯೇ ಎಂಬುದನ್ನು 3–4–5ರ ಲೆಕ್ಕದಿಂದ ತಾಳೆ ನೋಡುವುದು: ಒಂದು ಗೆರೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತಿಸಿದರೆ ಅವುಗಳ ನಡುವಿನ ಓರೆ ಅಂತರ 5 ಅಡಿ ಬರಬೇಕು. ಹಳೆಯ ಮನೆಗಳ ಗೋಡೆಗಳು ಸಾಮಾನ್ಯವಾಗಿ ಮಟ್ಟಕ್ಕೆ ಇರುವುದಿಲ್ಲ. ಆದ್ದರಿಂದ ಗೋಡೆಯನ್ನು ಆಧರಿಸದೆ ಮಧ್ಯದ ಗೆರೆಯನ್ನು ಆಧರಿಸಿಯೇ ಕೆಲಸ ಮಾಡುವುದು.

ಹಂತ 2: ಅಂಚುಪಟ್ಟಿ ಬರುವ ಜಾಗದ ಒಳಗೆರೆಯನ್ನು ನಾಲ್ಕೂ ಕಡೆ ಗುರುತಿಸುವುದು. ಗೋಡೆಯ ಸೊಟ್ಟು ಸ್ಕರ್ಟಿಂಗಿನ ಅಡಿಯಲ್ಲಿ ಮರೆಯಾಗುವಷ್ಟಿದ್ದರೆ ಅಲ್ಲಿಯೇ ಹೊಂದಿಸುವುದು. ಹೆಚ್ಚಿದ್ದರೆ ಗೋಡೆಗೆ ತಾಗುವ ಹೊರಗಿನ ಸಾಲನ್ನು ಓರೆಯಾಗಿ ಕೀಸಿ ಹೊಂದಿಸುವುದು. ಒಳಗಿನ ಎರಡು ಸಾಲುಗಳು ಎಲ್ಲಿಯೂ ಅಗಲ ಬದಲಿಸಬಾರದು. ಕಣ್ಣಿಗೆ ಮೊದಲು ಕಾಣುವುದು ಅವೇ.

ಹಂತ 3: ಪಟ್ಟಿಗಳನ್ನು ಅಂಟಿಲ್ಲದೆ ಜೋಡಿಸಿ ನೋಡುವುದು. 350 ಮಿ.ಮೀ. ಪಟ್ಟಿಯನ್ನು 45 ಡಿಗ್ರಿ ಓರೆಯಲ್ಲಿ ಹಾಸಿದಾಗ ಎಡ ಮತ್ತು ಬಲದ ಒಂದು ಜೋಡಿ ಸಾಲು ಸುಮಾರು 495 ಮಿ.ಮೀ. ಅಗಲ ಹಿಡಿಯುತ್ತದೆ. ನಮ್ಮ ಉದಾಹರಣೆಯ 3.156 ಮೀಟರಿನಲ್ಲಿ ಆರು ಪೂರ್ಣ ಜೋಡಿ ಬಂದು ಸುಮಾರು 186 ಮಿ.ಮೀ. ಉಳಿಯುತ್ತದೆ. ಅದನ್ನು ಎರಡೂ ಬದಿಗೆ ಸುಮಾರು 93 ಮಿ.ಮೀ.ನಂತೆ ಸಮನಾಗಿ ಹಂಚುವುದು. ಹೀಗೆ ಮಾಡದಿದ್ದಲ್ಲಿ ಒಂದು ಬದಿಯಲ್ಲಿ ಪೂರ್ಣ ಮುಳ್ಳು, ಇನ್ನೊಂದು ಬದಿಯಲ್ಲಿ ಚೂರು ಉಳಿದು ನೋಟ ಕೆಡುತ್ತದೆ.

ಹಂತ 4: ಮೊದಲ ಎರಡು ಪಟ್ಟಿಗಳನ್ನು ಸಮಕೋನದಲ್ಲಿ, ಒಂದರ ತುದಿ ಇನ್ನೊಂದರ ಬದಿಗೆ ತಾಗುವಂತೆ ಇಟ್ಟು ಮೂಲೆಮಟ್ಟದಿಂದ ಪರೀಕ್ಷಿಸುವುದು. ಇವುಗಳ ನಡುಗೆರೆಯು ಕೋಣೆಯ ಮಧ್ಯದ ಗೆರೆಯೊಂದಿಗೆ ಸರಿಹೊಂದಬೇಕು. ಈ ಮೊದಲ ಜೋಡಿಯಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಕೊನೆಯ ಗೋಡೆ ಮುಟ್ಟುವಷ್ಟರಲ್ಲಿ ಅದು ಬೆರಳಿನ ಅಗಲವಾಗುತ್ತದೆ. ನಡುವಣ ಒಂದು ಪೂರ್ಣ ಸಾಲನ್ನು ಅಂಟಿಸಿ, ಅದು ಹಿಡಿದ ಮೇಲೆ ಎಡಬಲಕ್ಕೆ ಮುಂದುವರಿಯುವುದು.

ಹಂತ 5: ಒಮ್ಮೆಗೆ ಒಂದು ಚದರ ಮೀಟರಿನಷ್ಟು ಜಾಗಕ್ಕೆ ಮಾತ್ರ, ಹಲ್ಲಿನ ಕರಣೆಯಿಂದ ಅಂಟು ಹರಡುವುದು. ಪಟ್ಟಿಗಳಿಗೆ ನಾಲಗೆ ಮತ್ತು ತೋಡು ಇದ್ದಲ್ಲಿ, ಮರದ ತುಂಡನ್ನು ಅಡ್ಡವಿಟ್ಟು ಮೃದುವಾಗಿ ಬಡಿದು ಕೂರಿಸುವುದು. ಪ್ರತಿ ನಾಲ್ಕೈದು ಜೋಡಿಗೊಮ್ಮೆ ದಾರ ಹಿಡಿದು ತುದಿಗಳು ಒಂದೇ ನೇರದಲ್ಲಿವೆಯೇ ಎಂದು ನೋಡುವುದು.

ಹಂತ 6: ನಡುವಣ ಭಾಗದ ಪಟ್ಟಿಗಳನ್ನು ಅಂಚಿನ ಒಳಗೆರೆಯನ್ನು ದಾಟಿಯೇ ಹಾಸುವುದು, ದಾಟಿದ ತುದಿಗಳಿಗೆ ಅಂಟು ಹಚ್ಚಬಾರದು. ಅಂಟು ಪೂರ್ಣ ಹಿಡಿದ ನಂತರ ಮಟ್ಟಗೋಲನ್ನು ಬಿಗಿದು, ವಿದ್ಯುತ್ ಗರಗಸದ ಆಳವನ್ನು ಪಟ್ಟಿಯ ದಪ್ಪಕ್ಕೆ ಮಾತ್ರ ಹೊಂದಿಸಿ, ನಾಲ್ಕೂ ಕಡೆ ಒಂದೇ ನೇರ ಗೆರೆಯಲ್ಲಿ ಕತ್ತರಿಸುವುದು. ಪ್ರತಿಯೊಂದು ಪಟ್ಟಿಯನ್ನೂ ಬೇರೆ ಬೇರೆಯಾಗಿ ಓರೆ ಕತ್ತರಿಸುವುದಕ್ಕಿಂತ ಇದರಿಂದ ಅಂಚು ಸ್ವಚ್ಛವಾಗಿ ಬರುತ್ತದೆ. ಈ ಕೆಲಸವನ್ನು ಅನುಭವವುಳ್ಳ ಬಡಗಿಯಿಂದಲೇ, ಕಣ್ಣಿಗೆ ಕನ್ನಡಕ ಧರಿಸಿ ಮಾಡಿಸುವುದು.

ಹಂತ 7: ಅಂಚುಪಟ್ಟಿಯ ಮೂರು ಸಾಲುಗಳನ್ನು ಒಳಗಿನಿಂದ ಹೊರಕ್ಕೆ ಅಂಟಿಸುವುದು. ಮೂಲೆಗಳನ್ನು 45 ಡಿಗ್ರಿಗೆ ಕೊರೆದು ಸೇರಿಸುವುದು. ಒಂದೇ ಪಟ್ಟಿ ಗೋಡೆಯುದ್ದಕ್ಕೂ ಸಿಗದಿದ್ದಲ್ಲಿ, ಅಕ್ಕಪಕ್ಕದ ಸಾಲುಗಳ ಜೋಡಣೆ ಒಂದೇ ಕಡೆ ಬಾರದಂತೆ ನೋಡಿಕೊಳ್ಳುವುದು. ಗೋಡೆಯ ಬದಿಯ 12 ಮಿ.ಮೀ. ಜಾಗವನ್ನು ಸಿಮೆಂಟಿನಿಂದಾಗಲಿ ಮರದ ಪುಡಿಯಿಂದಾಗಲಿ ತುಂಬಬಾರದು. ಮಳೆಗಾಲದಲ್ಲಿ ನೆಲ ಉಸಿರಾಡಲು ಇರುವುದು ಅದೊಂದೇ ಜಾಗ. ಸ್ಕರ್ಟಿಂಗನ್ನು ಗೋಡೆಗೆ ಮಾತ್ರ ಬಿಗಿಯುವುದು. ನೆಲಕ್ಕೆ ಮೊಳೆ ಹೊಡೆಯಬಾರದು.

ಹಂತ 8: ಒಂದು ವಾರದ ನಂತರ ಒರಟು ಸ್ಯಾಂಡ್ ಪೇಪರಿನಿಂದ ಆರಂಭಿಸಿ 40, 80, 120ರ ಕ್ರಮದಲ್ಲಿ ಉಜ್ಜುವುದು. ಪುಡಿಯನ್ನು ಪೂರ್ಣ ತೆಗೆದು, ಪಾಲಿಯುರೇಥೇನ್ ಲೇಪನವನ್ನು ಮೂರು ಕೋಟು ಹಚ್ಚುವುದು ಅಥವಾ ನೆಲಕ್ಕೆಂದಿರುವ ಎಣ್ಣೆ-ಮೇಣದ ಲೇಪನ ಬಳಸುವುದು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಿದರೆ ತಾನಾಗಿ ಬೆಂಕಿ ಹತ್ತುವ ಅಪಾಯವಿದೆ. ಅವುಗಳನ್ನು ಹರಡಿ ಒಣಗಿಸುವುದು ಅಥವಾ ನೀರಿನಲ್ಲಿ ನೆನೆಸಿಡುವುದು.

9. ನಿರ್ವಹಣೆ

ಮರದ ನೆಲವನ್ನು ನೀರು ಹೊಯ್ದು ತೊಳೆಯಬಾರದು. ಹಿಂಡಿದ ಬಟ್ಟೆಯಿಂದ ಒರೆಸುವುದು ಸಾಕು. ಮಳೆಗಾಲದಲ್ಲಿ ಎರಚಲು ಬೀಳುವ ಕಿಟಕಿಗಳನ್ನು ಮುಚ್ಚಿ, ಒದ್ದೆ ಕೊಡೆ, ಕಂಬಳಿಗಳನ್ನು ಜಗಲಿಯಲ್ಲಿಯೇ ಇಡುವುದು. ಬಚ್ಚಲು, ಅಡುಗೆಮನೆ ಹಾಗೂ ಹೊರ ಜಗಲಿಗೆ ಈ ಹಾಸು ಸೂಕ್ತವಲ್ಲ. ಗೆದ್ದಲಿನ ಮಣ್ಣಿನ ಗೆರೆ ಸ್ಕರ್ಟಿಂಗಿನ ಮೇಲೆ ಕಾಣುತ್ತಿದೆಯೇ ಎಂದು ವರ್ಷಕ್ಕೆ ಎರಡು ಬಾರಿ ಪರೀಕ್ಷಿಸುವುದು. ಮಳೆಗಾಲದಲ್ಲಿ ಸಂದುಗಳು ಬಿಗಿಯಾಗಿ, ಬೇಸಗೆಯಲ್ಲಿ ಕೂದಲೆಳೆಯಷ್ಟು ತೆರೆದುಕೊಳ್ಳುವುದು ಸಹಜ. ಅದನ್ನು ದೋಷವೆಂದು ತಿಳಿದು ಬೇಸಗೆಯಲ್ಲಿ ಪುಟ್ಟಿ ತುಂಬಬಾರದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮರ ನನ್ನದು, ಮನೆಯೂ ನನ್ನದು. ಅನುಮತಿ ಏಕೆ?
ಉತ್ತರ: ದಾರಿಯಲ್ಲಿ ಹೋಗುವ ದಿಮ್ಮಿಯನ್ನು ನೋಡಿ, ಅದು ತೋಟದ್ದೇ ಕಾಡಿನದೇ ಎಂದು ಹೇಳಲು ಸಾಧ್ಯವಿಲ್ಲ. ದಾಖಲೆಯೇ ಅದನ್ನು ತಿಳಿಸುತ್ತದೆ. ಅನುಮತಿ ಮತ್ತು ರಹದಾರಿಗಳು ಅರಣ್ಯವನ್ನು ಕಾಯುವಂತೆಯೇ ಪ್ರಾಮಾಣಿಕ ಹಿಡುವಳಿದಾರರನ್ನೂ ಕಾಯುತ್ತವೆ.

ಪ್ರಶ್ನೆ: ಗಾಳಿ ಮಳೆಗೆ ಹಲಸಿನ ಮರ ಬಿದ್ದಿದೆ. ಕೂಡಲೇ ಕೊಯ್ಯಿಸಬಹುದೇ?
ಉತ್ತರ: ಮೊದಲು ವಲಯ ಕಛೇರಿಗೆ ತಿಳಿಸಿ, ಬಿದ್ದ ಸ್ಥಿತಿಯ ಛಾಯಾಚಿತ್ರ ತೆಗೆದಿಟ್ಟುಕೊಂಡು, ಅರ್ಜಿ ಸಲ್ಲಿಸುವುದು. ಬಿದ್ದ ಮರವು ಅನುಮತಿಗೆ ತಕ್ಕ ಕಾರಣವೇ ಹೌದು. ಆದರೆ ಪರಿಶೀಲನೆಗೆ ಮುನ್ನ ತುಂಡು ಮಾಡಿ ಸಾಗಿಸಿದರೆ ಮೂಲವನ್ನು ದೃಢಪಡಿಸುವುದು ಕಷ್ಟವಾಗುತ್ತದೆ.

ಪ್ರಶ್ನೆ: ಹಳೆಯ ಮನೆ ಕೆಡವಿದ ಮರವನ್ನು ಬಳಸಬಹುದೇ?
ಉತ್ತರ: ಬಳಸಬಹುದು. ಅನೇಕ ವರ್ಷಗಳಿಂದ ಒಣಗಿರುವುದರಿಂದ ನೆಲಕ್ಕೆ ಅದು ಬಹಳ ಉತ್ತಮ. ಬೇರೆ ಊರಿಗೆ ಸಾಗಿಸುವುದಾದರೆ ಮೊದಲೇ ವಲಯ ಅರಣ್ಯಾಧಿಕಾರಿಗಳಿಂದ ಪರಿಶೀಲನೆ ಮಾಡಿಸಿ ದಾಖಲೆ ಪಡೆಯುವುದು. ಕೊಯ್ಯಿಸುವ ಮುನ್ನ ಮೊಳೆಗಳನ್ನು ಕೀಳುವುದು.

ಪ್ರಶ್ನೆ: ಉಳಿದ ನಾಟಾವನ್ನು ಮಾರಬಹುದೇ?
ಉತ್ತರ: ಗೃಹಬಳಕೆಗೆಂದು ಪಡೆದ ಅನುಮತಿಯು ಮಾರಾಟದ ಅನುಮತಿಯಲ್ಲ. ಮಾರುವ ಉದ್ದೇಶವಿದ್ದಲ್ಲಿ ಅರ್ಜಿಯಲ್ಲಿಯೇ ಅದನ್ನು ತಿಳಿಸತಕ್ಕದ್ದು.

ಪ್ರಶ್ನೆ: ಜಮೀನಿನಲ್ಲಿ ತಕ್ಕ ಮರವಿಲ್ಲ. ಏನು ಮಾಡುವುದು?
ಉತ್ತರ: ಇಲಾಖೆಯ ನಾಟಾ ಸಂಗ್ರಹಾಲಯಗಳ ಹರಾಜಿನಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಗಳಲ್ಲಿ ಬಿಲ್ಲು ಸಹಿತ ಕೊಳ್ಳಬಹುದು. ಬಿಲ್ಲಿಲ್ಲದ ಮರ ಅಗ್ಗವಾಗಿ ಕಂಡರೂ ಕೊಳ್ಳಬಾರದು.

ಸಾರ್ವಜನಿಕರಲ್ಲಿ ವಿನಂತಿ

ಒಳ್ಳೆಯ ಮರದ ನೆಲವೊಂದು ಸರಿಯಾಗಿ ಹಾಸಿದರೆ ಎರಡು ಮೂರು ತಲೆಮಾರು ಬಾಳುತ್ತದೆ. ಅಷ್ಟರೊಳಗೆ ಬದಲಿಯಾಗಿ ನೆಟ್ಟ ಸಸಿಯೂ ಮರವಾಗಿರುತ್ತದೆ. ಅರ್ಜಿಗೆ ಬೇಕಾದ ತಿಂಗಳುಗಳನ್ನೂ ಒಣಗಲು ಬೇಕಾದ ತಿಂಗಳುಗಳನ್ನೂ ಮನೆಯ ಯೋಜನೆಯಲ್ಲಿ ಮೊದಲೇ ಸೇರಿಸಿಕೊಂಡು, ಕಾನೂನುಬದ್ಧವಾದ ಹಾಗೂ ಚೆನ್ನಾಗಿ ಒಣಗಿದ ಮರವನ್ನೇ ಬಳಸಬೇಕಾಗಿ ಕೋರಲಾಗಿದೆ. ಹೆಚ್ಚಿನ ಮಾಹಿತಿಗೆ ತಮ್ಮ ವ್ಯಾಪ್ತಿಯ ವಲಯ ಅರಣ್ಯಾಧಿಕಾರಿಗಳ ಕಛೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸುವುದು.